ಎರಡನೆಯ ನಂಬರು

ಅವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಇನ್ನೂ ಕಸ ಹೊಡೆಯುತ್ತಿದ್ದೆ. ನಮ್ಮ ಓಣಿಯ ಚಾಚಿ ಬಂದು ಹೊಸ್ತಿಲ ಹೊರಗೆ ನಿಂತರು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಒಳಗೆ ಬರಲು ಅವರೆಂದೂ ಚೌಕಟ್ಟು ಹಿಡಿದವರಲ್ಲ.

"ತಮ್ಮಾ, ನಂದು ದವಾಖಾನಿ ತಾರೀಖ ಇನ್ನಾ ಬಂದಿಲ್ಲಲ್ಲ. ನಿನ್ನ ಕಂಪ್ಯೂಟರದಾಗ ಒಮ್ಮಿ ನೋಡು. ಈ ಕಣ್ಣು ಯಾಕೋ ಮಂಜ ಮಂಜ ಆಗಾಕತ್ತೈತಿ."

ಚಾಚಿ ಕೌದಿ ಹೊಲಿಯುವವರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಗೆರೆ ಎಳೆದಂತೆ ಹೊಲಿಗೆ ಹಾಕಿ ಹೊದಿಕೆ ಮಾಡಿಕೊಡುತ್ತಾರೆ. ಇಂಡಿಯಲ್ಲಿ ನಮ್ಮ ಓಣಿಯ ಮನೆಗಳಲ್ಲಿ ಅವರ ಕೌದಿ ಹೊದೆಯದೆ ಬೆಳೆದ ಮಗು ಇಲ್ಲ. ಅವರಿಗೆ ಇದ್ದದ್ದು ಬಲಗಣ್ಣು ಒಂದೇ. ಎಡಗಣ್ಣು ಸಣ್ಣವರಿದ್ದಾಗಲೇ, ಕಡಲೆ ಗಿಡ ಕೀಳುವಾಗ ಕಡ್ಡಿ ಚುಚ್ಚಿ ಹೋಗಿತ್ತು. ಆ ಒಂದು ಕಣ್ಣಿನ ಬಗ್ಗೆಯೇ ಅವರು ನನ್ನನ್ನು ಕೇಳುತ್ತಿದ್ದದ್ದು.

ಎರಡೂವರೆ ತಿಂಗಳ ಹಿಂದೆ ಊರಲ್ಲಿ ಕಣ್ಣಿನ ಶಿಬಿರ ನಡೆದಿತ್ತು. ಒಂದು ಟ್ರಸ್ಟಿನವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಇಂಥ ಶಿಬಿರ ನಡೆಸುತ್ತಾರೆ. ತಪಾಸಣೆ ಮಾಡಿದ ಡಾಕ್ಟರು ಚೀಟಿ ಬರೆದು ಕೊಡುತ್ತಾರೆ. ಬೇಗ ನೋಡಲೇಬೇಕಾದವರ ಚೀಟಿಗೆ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾರೆ. ನರ್ಸಮ್ಮ ಅದನ್ನು ಟ್ಯಾಬಿನಲ್ಲಿ ತುಂಬುತ್ತಾರೆ. ಕೆಂಪು ಗುರುತಿನವರಿಗೆ ಎಂಟು ದಿನದೊಳಗೆ ವಿಜಯಪುರದ ಆಸ್ಪತ್ರೆಗೆ ಬರಲು ಮೊಬೈಲಿಗೆ ಸಂದೇಶ ಹೋಗುತ್ತದೆ. ಸಾದಾ ಪೊರೆಯವರಿಗೆ ಪಾಳಿ ಬಂದಂತೆ ಹೋಗುತ್ತದೆ. ಈ ತುಂಬುವ, ಕಳಿಸುವ ವ್ಯವಸ್ಥೆ ಮಾಡಿಕೊಟ್ಟವನು ನಾನು.

ಚಾಚಿಯ ಚೀಟಿಗೆ ಕೆಂಪು ಗುರುತಿತ್ತು. ಕಣ್ಣಿನೊಳಗೆ ಒತ್ತಡ ಏರಿದೆ, ತಡ ಮಾಡಬಾರದು ಎಂದು ಡಾಕ್ಟರು ಹೇಳಿದ್ದರಂತೆ.

"ಮತ್ತ ಇಷ್ಟ ದಿನಾ ಯಾಕ ಸುಮ್ನ ಕುಂತ್ರಿ ಚಾಚಿ?" ಎಂದು ನಾನು ರೇಗಿದೆ. ನನಗೆ ಮೊದಲು ಬರುವುದು ಸಿಟ್ಟು, ಬುದ್ಧಿ ಹಿಂದಿನಿಂದ ಬರುತ್ತದೆ.

"ಮೆಸೇಜ್ ಬರತೈತಿ ಅಂದ್ರು. ಅದನ್ನ ಮಾಡಿದಾಂವ ನೀನ ಅಂದ್ರು. ನಮ್ಮ ಓಣಿ ಹುಡುಗ ಮಾಡ್ಯಾನಂದ ಮ್ಯಾಲೆ ಬರೂದ ಬರತೈತಿ ಅಂತ ಕುಂತೆ. ಬ್ಯಾರೆ ಕಡೆ ಹೋಗಲಿಲ್ಲ."

ತೆರೆದು ನೋಡಿದೆ. ಹೆಸರು ಸರಿ, ಊರು ಸರಿ, ನಂಬರು ಸರಿ. 'ತುರ್ತು' ಎಂದಿರಬೇಕಾದ ಕಡೆ ಖಾಲಿ. ಖಾಲಿ ಇದ್ದರೆ ಸಾದಾ ಎಂದು ತಿಳಿಯಬೇಕೆಂದು ಬರೆದವನೂ ನಾನೇ. ಅವರ ಪಾಳಿ ಇನ್ನೂ ನಾಲ್ಕು ತಿಂಗಳ ಆಚೆ ಇತ್ತು.

ನರ್ಸಮ್ಮನಿಗೆ ಫೋನ್ ಹಚ್ಚಿ, ಚಾಚಿಯ ಎದುರಿಗೇ ಜೋರು ಮಾಡಿದೆ. ಕೆಂಪು ಗುರುತು ಇದ್ದದ್ದನ್ನು ತುಂಬದೆ ಬಿಟ್ಟರೆ ಹೇಗೆ, ಒಂದು ಜೀವದ ಪ್ರಶ್ನೆ, ಹಾಗೆ ಹೀಗೆ.

"ನಾ ತುಂಬೇನ್ರಿ. ತುಂಬದ ಬಿಡಾಕಿ ನಾ ಅಲ್ಲ. ನಿಮ್ಮದ ಏನರ ಐತೇನು ನೋಡ್ಕೋರಿ" ಎಂದು ಆಕೆ ಫೋನ್ ಇಟ್ಟರು. ನನಗೆ ಇನ್ನಷ್ಟು ಸಿಟ್ಟು ಬಂತು. ಚಾಚಿಯನ್ನು ಕರೆದುಕೊಂಡು ಹತ್ತು ಗಂಟೆಯ ಬಸ್ಸಿಗೆ ವಿಜಯಪುರಕ್ಕೆ ಹೊರಟೆ.

ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಹೊತ್ತು ನೋಡಿದರು. ಚಾಚಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನನ್ನನ್ನು ಒಳಗೆ ಕರೆದರು. ಸುತ್ತಲಿನ ನೋಟವೆಲ್ಲ ಹೋಗಿದೆ, ನಟ್ಟನಡುವೆ ಒಂದಿಷ್ಟು ಉಳಿದಿದೆ, ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಬೇಕು, ನಾಳೆಯೇ ಆಪರೇಶನ್ ಎಂದರು.

"ಎಂಟು ದಿನದಾಗ ಬಂದಿದ್ರ ಬ್ಯಾರೆನ ಇರ್ತಿತ್ತು. ಮೆಸೇಜ್ ಬಂದಿರಲಿಲ್ಲೇನು ಇವ್ರಿಗೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಜೇಬಿನ ಫೋನನ್ನು ಮುಟ್ಟಿಕೊಂಡೆ. ನೆಟ್‌ವರ್ಕ್ ಸಮಸ್ಯೆ ಇರಬಹುದು ಎಂದೆ. ತಪ್ಪು ಎಲ್ಲಿದೆಯೆಂದು ಆಗಿನ್ನೂ ನನಗೆ ಗೊತ್ತಿರಲಿಲ್ಲ. ಆದರೂ ಸುಳ್ಳು ಬಾಯಿಗೆ ತಾನೇ ಬಂತು.

ಇನ್ನು ನನ್ನ ಕಸುಬಿನ ವಿಷಯ ಹೇಳಬೇಕು. ಬಸ್ ನಿಲ್ದಾಣದ ಹಿಂದೆ ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ ಇಟ್ಟುಕೊಂಡು ಜನರ ಆನ್‌ಲೈನ್ ಅರ್ಜಿ ತುಂಬಿಕೊಡುವುದು ಹೊಟ್ಟೆಪಾಡು. ಅದರ ಬದಿಗೆ ವೆಬ್ ಅಪ್ಲಿಕೇಶನ್ ಕಟ್ಟುತ್ತೇನೆ, ಪರ್ಲ್ ಭಾಷೆಯಲ್ಲಿ. ಪರ್ಲ್ ಅಂದರೆ ಈಗಿನ ಹುಡುಗರು ನಗುತ್ತಾರೆ, ಅದಿನ್ನೂ ಬದುಕಿದೆಯಾ ಎಂದು ಕೇಳುತ್ತಾರೆ. ಬದುಕಿದೆ. ಅದರಲ್ಲೊಂದು ಫ್ರೇಮ್‌ವರ್ಕ್ ಇದೆ, ಅಂದರೆ ಪ್ರತಿಸಲ ಅಡಿಪಾಯದಿಂದ ಕಟ್ಟುವ ಬದಲು ಮೇಲೆ ಗೋಡೆ ಎಬ್ಬಿಸಲು ಸಿದ್ಧವಿರುವ ಕಟ್ಟೆ. ಅದನ್ನು ಬಳಸುವವರು ಪ್ರಪಂಚದ ಮೂಲೆಮೂಲೆಯಲ್ಲಿದ್ದಾರೆ. ಒಂದು ಚಾಟ್ ಕೋಣೆಯಲ್ಲಿ ದಿನವೂ ಸೇರುತ್ತಾರೆ. ಅಲ್ಲೊಂದು ಪದ್ಧತಿಯಿದೆ. ಯಾರು ಯಾವ ಹೊತ್ತಿಗೆ ಒಳಗೆ ಬಂದರೂ ಅದು ಬೆಳಗು, ಎಲ್ಲರೂ ಬೆಳಗಿನ ನಮಸ್ಕಾರವನ್ನೇ ಹೇಳಬೇಕು. ಅವರ ಯಾರ ಮುಖವನ್ನೂ ನಾನು ನೋಡಿಲ್ಲ. ಆದರೆ ಇಂಡಿಯಲ್ಲಿ ನನ್ನ ಕೆಲಸದ ಮಾತು ತಿಳಿಯುವವರು ಯಾರೂ ಇಲ್ಲದ್ದರಿಂದ ಅವರೇ ನನಗೆ ಓಣಿ, ಅವರೇ ನನಗೆ ಕಟ್ಟೆಯ ಹರಟೆ.

ಆ ಓಣಿಯಲ್ಲಿ ನನಗೊಂದು ಹೆಸರಿತ್ತು, ಚೂರಿಬಾಯಿಯವನು ಎಂದು. ಹೊಸಬರು ಬಂದು ಏನಾದರೂ ಕೇಳಿದರೆ, ಕೈಪಿಡಿ ಓದಿದಿರಾ ಎಂಬುದು ನನ್ನ ಮೊದಲ ಉತ್ತರ. ಅಲ್ಲಿ ಯಾರದ್ದಾದರೂ ಉತ್ತರ ಮೆಚ್ಚಿಗೆಯಾದರೆ ಅವರ ಹೆಸರು ಬರೆದು ಮುಂದೆ ಎರಡು ಕೂಡು ಚಿಹ್ನೆ ಹಾಕುತ್ತಾರೆ. ನನ್ನ ಕೊಂಕು ಮಾತಿಗೂ ಆ ಚಿಹ್ನೆಗಳು ಬೀಳುತ್ತಿದ್ದವು. ಊರಲ್ಲಿ ಯಾರೂ ಶಹಬ್ಬಾಸ್ ಅನ್ನದ ಮನುಷ್ಯನಿಗೆ ಅದರ ರುಚಿ ಎಷ್ಟು ಹತ್ತುತ್ತದೆಂದು ನನಗೇ ಗೊತ್ತು.

ಚಾಚಿಯನ್ನು ವಾರ್ಡಿನಲ್ಲಿ ಬಿಟ್ಟು, ಅವರ ತಮ್ಮನನ್ನು ಕರೆಸಿ, ನಾನು ಊರಿಗೆ ಮರಳಿದೆ. ಮರುದಿನ ಬೆಳಿಗ್ಗೆ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಕುಳಿತೆ. ಸುಳ್ಳು ಹೆಸರಿನಲ್ಲಿ ಅರ್ಜಿ ತುಂಬಿದೆ, ಒಂದು ನಂಬರು ಹಾಕಿ, ತುರ್ತು ಎಂದು. ಸರಿಯಾಗಿ ಉಳಿಯಿತು. ಮೂರು ನಂಬರು ಹಾಕಿದೆ. ಅದೂ ಸರಿ. ಈ ಎರಡೂ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದೆ. ಕೊನೆಗೆ ಚಾಚಿಯ ಅರ್ಜಿಯಲ್ಲಿದ್ದಂತೆ ಎರಡು ನಂಬರು ಹಾಕಿದೆ. ತುರ್ತು ಹೋಯಿತು.

ಎರಡು ನಂಬರಿನ ಕಥೆ ಹೀಗೆ. ನಮ್ಮ ಕಡೆ ನಂಬರು ಕೇಳಿದರೆ ಒಂದೇ ಹೇಳಿ ಸುಮ್ಮನಾಗುವವರು ಕಡಿಮೆ. "ಇದು ನಂದ್ರಿ, ಹತ್ತಲಿಲ್ಲಂದ್ರ ನಮ್ಮ ತಮ್ಮಂದು ಬರ್ಕೋರಿ" ಎನ್ನುತ್ತಾರೆ. ಹೆಂಗಸರ ಫೋನು ಗಂಡಸರ ಜೊತೆ ಹೊಲಕ್ಕೆ ಹೋಗಿರುತ್ತದೆ, ಮುದುಕರ ಫೋನಿನ ಗುಂಡಿ ಕಿತ್ತಿರುತ್ತದೆ. ಅದಕ್ಕೆ, ಒತ್ತಿದಷ್ಟೂ ಸಲ ತೆರೆಯುವ 'ಇನ್ನೊಂದು ನಂಬರು' ಎಂಬ ಜಾಗವನ್ನು ನಾನೇ ಸೇರಿಸಿದ್ದೆ. ಟ್ರಸ್ಟಿನವರು ಕೇಳಿರಲಿಲ್ಲ. ಬೆಂಗಳೂರಿನವನಿಗೆ ಇದು ಹೊಳೆಯುತ್ತಿರಲಿಲ್ಲ, ನನ್ನ ಜನ ನನಗೆ ಗೊತ್ತು ಎಂದು ಮೀಸೆ ತಿರುವಿದ್ದೆ. ತಪ್ಪು ಹೊಕ್ಕಿದ್ದು ಆ ಜಾಗದಿಂದಲೇ.

ಪರ್ಲ್‌ನಲ್ಲಿ ಇಂಥ ಮಾಹಿತಿಯನ್ನು ಜೋಡಿ ಜೋಡಿಯಾಗಿ ಸಾಲಿನಲ್ಲಿ ಇಡುತ್ತೇವೆ. ಊರು, ಇಂಡಿ. ಮೊಬೈಲು, ಇಂಥ ನಂಬರು. ದರ್ಜೆ, ತುರ್ತು. ಜೋಡೆತ್ತುಗಳನ್ನು ಸಾಲಾಗಿ ನಿಲ್ಲಿಸಿದಾಗ ನಡುವೆ ಒಂಟಿ ಎತ್ತು ಹೊಕ್ಕರೆ ಅಲ್ಲಿಂದ ಮುಂದಿನ ಜೋಡಿಗಳೆಲ್ಲ ಒಡೆಯುತ್ತವೆ. ಎರಡನೆಯ ನಂಬರು ತನ್ನದೇ ಹೆಸರಿಲ್ಲದೆ ಹಾಗೆ ಹೊಕ್ಕು ನಂತರದ 'ದರ್ಜೆ'ಯನ್ನು ತನ್ನ ಜೋಡಿ ಮಾಡಿಕೊಂಡಿತು. ತುರ್ತು ಒಂಟಿಯಾಗಿ ಉಳಿದು ಬಿದ್ದುಹೋಯಿತು. ಮೂರು ನಂಬರು ಬಂದರೆ ಹೆಚ್ಚಿನ ಎರಡೂ ತಮ್ಮಲ್ಲೇ ಜೋಡಿಯಾಗುತ್ತಿದ್ದವು, ಆದ್ದರಿಂದ ತಪ್ಪು ಕಾಣುತ್ತಿರಲಿಲ್ಲ. ನಂಬರುಗಳೆಲ್ಲ ಬೇರೊಂದು ಕಡೆ ಸರಿಯಾಗಿಯೇ ಉಳಿಯುತ್ತಿದ್ದುದರಿಂದ ನೋಡಿದವರಿಗೆ ಯಾವ ಅನುಮಾನವೂ ಬರುತ್ತಿರಲಿಲ್ಲ.

ಪರ್ಲ್ ಸುಮ್ಮನಿರಲಿಲ್ಲ. ಸಾಲಿನಲ್ಲಿ ಒಂದು ಬೆಸ ಉಳಿಯಿತು ಎಂದು ಮೊದಮೊದಲು ಪ್ರತಿಸಲವೂ ಎಚ್ಚರಿಕೆ ಬರೆದಿಟ್ಟಿತ್ತು. ಆ ಎಚ್ಚರಿಕೆಗಳಿಂದ ಕಡತ ತುಂಬುತ್ತಿದೆ ಎಂದು ನಾನೇ ಅದರ ಬಾಯಿ ಮುಚ್ಚಿಸಿದ್ದೆ.

ಇಷ್ಟೇ ಆಗಿದ್ದರೆ ಅಜಾಗರೂಕತೆ ಎಂದು ನನ್ನನ್ನು ನಾನು ಬೈದುಕೊಂಡು ಮುಗಿಸುತ್ತಿದ್ದೆನೇನೋ. ಆದರೆ ಆ ಸಾಲುಗಳನ್ನು ನೋಡುತ್ತಿದ್ದಂತೆ ನನಗೊಂದು ನೆನಪಾಯಿತು. ಚಾಟ್ ಕೋಣೆಯ ಹಳೆಯ ಮಾತುಗಳನ್ನು ಹುಡುಕಿ ತೆಗೆದೆ. ಐದು ತಿಂಗಳ ಹಿಂದೆ, ಚಾಚಿಯ ಶಿಬಿರಕ್ಕೂ ಮೊದಲು, ಯಾರೋ ಹೊಸಬರು ಬಂದು ಕೇಳಿದ್ದರು: ಒಂದೇ ಹೆಸರಿನಲ್ಲಿ ಎರಡು ಮೌಲ್ಯ ಬಂದರೆ ನನ್ನ ಜೋಡಿಗಳೆಲ್ಲ ಏರುಪೇರಾಗುತ್ತಿವೆ, ಯಾಕೆ? ಅದಕ್ಕೆ ಉತ್ತರ ಕೊಟ್ಟಿದ್ದವನು ನಾನು. ಕೈಪಿಡಿಯಲ್ಲಿ ಇದರ ಎಚ್ಚರಿಕೆ ದಪ್ಪ ಅಕ್ಷರದಲ್ಲಿದೆ, ಕಣ್ಣಿದ್ದವರು ಓದುತ್ತಾರೆ ಎಂದು ಬರೆದಿದ್ದೆ. ಮೂವರು ನನ್ನ ಹೆಸರಿನ ಮುಂದೆ ಕೂಡು ಚಿಹ್ನೆ ಹಾಕಿದ್ದರು. ಆ ಹೊಸಬರು ವಂದನೆ ಹೇಳಿ ಹೋಗಿದ್ದರು, ಮತ್ತೆ ಎಂದೂ ಬಂದಿರಲಿಲ್ಲ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಕಾಣುತ್ತದೆ ಎಂಬ ಗಾದೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಉತ್ತರ ನನಗೆ ಬಾಯಿಪಾಠವಿತ್ತು. ನನ್ನದೇ ಬರಹದಲ್ಲಿ ಹೀಗೆ ಇದೆಯೇ ಎಂದು ಒಮ್ಮೆಯೂ, ಒಂದೇ ಒಂದು ಸಲವೂ, ನೋಡಿರಲಿಲ್ಲ.

ಸಾಲು ತಿದ್ದಲು ಎರಡು ನಿಮಿಷ ಸಾಕಾಯಿತು. ನರ್ಸಮ್ಮನಿಗೆ ಫೋನ್ ಮಾಡಿ ತಪ್ಪಾಯಿತೆಂದೆ. ಆಕೆ, "ಮದಲ ಚೀಟಿ ತಗಿಯೂಣು ಬರ್ರಿ" ಎಂದರು. ಸಿಂದಗಿಯ ಟ್ರಸ್ಟಿನ ಕಚೇರಿಯಲ್ಲಿ ಕುಳಿತು ನಾಲ್ಕೂ ತಾಲ್ಲೂಕಿನ ಚೀಟಿಗಳ ಕಟ್ಟು ಬಿಚ್ಚಿ, ಕೆಂಪು ಗುರುತಿದ್ದು ಎರಡು ನಂಬರಿದ್ದವನ್ನು ಆರಿಸಿದೆವು. ಚಾಚಿಯನ್ನು ಬಿಟ್ಟು ಒಂಬತ್ತು ಜನ. ಸಂಜೆಯೊಳಗೆ ಎಲ್ಲರಿಗೂ ನಾನೇ ಫೋನ್ ಮಾಡಿದೆ. ಬಹಳಷ್ಟು ಜನ ಕೊನೆಯ ಶಿಬಿರದವರು, ಅವರಿಗೆ ಹೆಚ್ಚು ತಡವಾಗಿರಲಿಲ್ಲ. ಮನಗೂಳಿಯ ಒಬ್ಬರು ಕಾಯದೆ ತಾವಾಗಿಯೇ ಬೇರೆ ಡಾಕ್ಟರ ಹತ್ತಿರ ಹೋಗಿಬಿಟ್ಟಿದ್ದರು. ಅದನ್ನು ಕೇಳಿ ನನಗೆ ಅಳು ಬರುವಷ್ಟು ಸಮಾಧಾನವಾಯಿತು. ತಂಗಡಗಿಯ ಒಬ್ಬ ಅಜ್ಜ ಮಾತ್ರ ಚಾಚಿಯಷ್ಟೇ ದಿನದಿಂದ ಕಾಯುತ್ತಿದ್ದರು.

ಯಾಕೆ ತಡವಾಯಿತೆಂದು ಯಾರಿಗೂ ಹೇಳಲಿಲ್ಲ. "ತಾರೀಖ ಹಿಂದ ಮುಂದ ಆಗ್ಯಾವ್ರಿ, ನಾಳೇನ ಬರ್ರಿ" ಎಂದೆ. ಒಂಬತ್ತು ಸಲವೂ ಅದೇ ಮಾತು.

ಚಾಟ್ ಕೋಣೆಯಲ್ಲಿ ಮಾತ್ರ ಎಲ್ಲವನ್ನೂ ಬರೆದೆ. ಆ ಹೊಸಬರಿಗೆ ಕ್ಷಮೆ ಕೇಳಿದೆ, ಅವರು ಓದುತ್ತಾರೋ ಇಲ್ಲವೋ ಗೊತ್ತಿಲ್ಲದೆ. ಯಾರಾದರೂ ನನ್ನಂತೆಯೇ ಕೊಂಕು ಆಡಲಿ ಎಂದು ಕಾಯುತ್ತಿದ್ದೆ. ಯಾರೂ ಆಡಲಿಲ್ಲ. ಇದು ಎಲ್ಲರೂ ಬೀಳುವ ಗುಂಡಿ, ನಾವೆಲ್ಲ ಬಿದ್ದಿದ್ದೇವೆ, ಎದೆಗುಂದಬೇಡ ಎಂದರು. ನನ್ನ ಹೆಸರಿನ ಮುಂದೆ ಕೂಡು ಚಿಹ್ನೆಗಳು ಬಿದ್ದವು, ಒಪ್ಪಿಕೊಂಡದ್ದಕ್ಕೆ. ಅದನ್ನು ನೋಡಿ ನನಗೆ ಅಸಹ್ಯವಾಯಿತು. ಅವರ ಮೇಲಲ್ಲ. ಮುಖ ಕಾಣದವರ ಎದುರು ಒಪ್ಪಿಕೊಂಡು, ಮುಖ ಕಾಣುವವರ ಎದುರು ತಾರೀಖಿನ ಮೇಲೆ ಹಾಕಿದ ನನ್ನ ಮೇಲೆ.

ಚಾಚಿ ಎಂಟು ದಿನದ ನಂತರ ಮನೆಗೆ ಬಂದರು. ಕಣ್ಣಿಗೆ ಹನಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಎದುರಿಗಿದ್ದುದು ಕಾಣುತ್ತಿತ್ತು, ಪಕ್ಕಕ್ಕೆ ಬಂದು ಕುಳಿತ ನಾನು ಕಾಣಲಿಲ್ಲ. ಮುಖ ಪೂರಾ ತಿರುಗಿಸಿ ನೋಡಿದರು. ತೊಡೆಯ ಮೇಲೆ ಅರ್ಧ ಹೊಲಿದ ಕೌದಿ ಇತ್ತು. ಹೊಲಿಗೆ ಎರಡು ಕಡೆ ಗೆರೆ ಬಿಟ್ಟು ಹೋಗಿತ್ತು. ಅಂಥದ್ದನ್ನು ಅವರ ಕೈಯಲ್ಲಿ ನಾನು ಎಂದೂ ಕಂಡಿರಲಿಲ್ಲ.

ಹೇಳಿಬಿಟ್ಟೆ. ನರ್ಸಮ್ಮನದೂ ಅಲ್ಲ, ನೆಟ್‌ವರ್ಕಿನದೂ ಅಲ್ಲ, ನಾನು ಬರೆದದ್ದರಲ್ಲೇ ತಪ್ಪಿತ್ತು, ನೀವು ಎರಡು ನಂಬರು ಕೊಟ್ಟಿದ್ದರಿಂದ ನಿಮ್ಮ ತುರ್ತು ಅಳಿಸಿಹೋಯಿತು, ಆ ತಪ್ಪು ನನಗೆ ಗೊತ್ತಿರಬೇಕಾದ ತಪ್ಪು ಎಂದೆ.

ಚಾಚಿ ಕೌದಿಯ ಅಂಚನ್ನು ಬೆರಳಿನಿಂದ ತಡವುತ್ತ ಹೋದರು.

"ಅಲ್ಲಾನ ಮರ್ಜಿ ಅಂತ ಸುಮ್ನಾಗಿದ್ದೆ, ತಮ್ಮಾ. ಹಗೂರ ಆಗಿತ್ತು. ಈಗ ದಿನಾ ನಿನ್ನ ಅಂಗಡಿ ಮುಂದ ಹಾದು ಹೋಗೂದೈತಿ. ನಿನ್ನ ಮ್ಯಾಲ ಸಿಟ್ಟ ಮಾಡೂದೂ ಒಂದ ಕೆಲಸ ಹಚ್ಚಿದಿ ನನಗ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಉಳದವ್ರಿಗೆ ಏನಂತ ಹೇಳಿದಿ?" ಎಂದು ಕೇಳಿದರು.

ತಾರೀಖಿನ ಮಾತು ಹೇಳಿದೆ.

"ನನಗ ಖರೇ ಹೇಳಿ ಅವ್ರಿಗೆ ಸುಳ್ಳು ಹೇಳಿದ್ರ ಹ್ಯಾಂಗ? ಹೋಗಿ ಹೇಳಿ ಬಾ. ಫೋನಿನ್ಯಾಗ ಬ್ಯಾಡ."

ಮೊದಲು ತಂಗಡಗಿಗೆ ಹೋದೆ. ದೂರದ ಊರು, ಕಷ್ಟದ್ದೂ ಅದೇ. ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ಇಳಿದಾಗ ಹನ್ನೊಂದು ಗಂಟೆ. ಅಜ್ಜನ ಮನೆ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿತ್ತು. ಒಂದು ಕಣ್ಣು ಹೋಗಿತ್ತು, ಇನ್ನೊಂದನ್ನು ಆಸ್ಪತ್ರೆಯವರು ಉಳಿಸಿದ್ದರು. ನನ್ನ ದನಿ ಕೇಳಿಯೇ ಎದ್ದು ನಿಂತರು.

"ಬರ್ರಿ ಸಾಹೇಬ್ರ, ಕುಂದರ್ರಿ. ನೀವು ಫೋನ್ ಮಾಡಿ ಕರೀಲಿಲ್ಲಂದ್ರ ಇದೂ ಒಂದು ಹೋಗ್ತಿತ್ರಿ. ಭಾಳ ಉಪಕಾರ ಆತು."

ಸೊಸೆ ಚರಿಗೆಯಲ್ಲಿ ನೀರು ತಂದಿಟ್ಟು ಬಾಗಿಲ ಮರೆಗೆ ಸರಿದು ನಿಂತಳು. ಇಪ್ಪತ್ತೈದರ ಆಸುಪಾಸಿನವಳು. ನಾನು ಮಾತು ಹುಡುಕುತ್ತಿದ್ದಾಗ ಅಜ್ಜನೇ ಮುಂದುವರಿಸಿದರು.

"ನನ್ನ ಫೋನಿನ ಗುಂಡಿ ಹೋಗ್ಯಾವಂತ ಇಕೀದೊಂದು ನಂಬರ ಕೊಟ್ಟಿದ್ದಿವ್ರಿ. ನೀವು ತಾರೀಖ ಹಿಂದ ಮುಂದ ಆಗ್ಯಾವ ಅಂದ್ರಲ್ಲ, ಹಂಗಾರ ಮದಲೊಂದು ತಾರೀಖ ಬಂದಿರಬೇಕು, ಇಕೀನ ನೋಡಿಲ್ಲ ಅಂತ ನನ್ನ ಮಗ ಇಕಿ ಮ್ಯಾಲ ಹರಿಹಾಯ್ದ. ಫೋನ್ ಕಸಗೊಂಡು ಚಡಚಣಕ್ಕ ಒಯ್ದಾನ್ರಿ. ಅಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೀತಾನ. ನಾ ಅಂತೇನಿ, ಇರ್ಲಿ ಬಿಡೋ, ಸಣ್ಣಾಕಿ, ತಪ್ಪಾಗಿರತೈತಿ."

ಆ ಮಾತು ಕೇಳಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ನನ್ನ ತಪ್ಪು ಚಾಚಿಯ ಕಣ್ಣಿನಲ್ಲಿ ನಿಂತಿದೆ ಎಂದುಕೊಂಡಿದ್ದೆ. ನನ್ನ ಸುಳ್ಳು ಇಲ್ಲಿಗೆ ಬಂದು, ಈ ಮನೆಯೊಳಗೆ ಹೊಕ್ಕು, ಬಾಗಿಲ ಮರೆಯಲ್ಲಿ ನಿಂತವಳ ತಲೆಯ ಮೇಲೆ ಕುಳಿತಿತ್ತು.

"ಅಜ್ಜಾರ, ಯಾವ ಮೆಸೇಜೂ ಬಂದಿಲ್ರಿ. ಬರಾಕ ನಾನ ಬಿಟ್ಟಿಲ್ಲ" ಎಂದೆ. ಎರಡು ನಂಬರಿನ ಕಥೆಯನ್ನು ಹೇಳಿದೆ. ಮುಚ್ಚಿಡಲಿಲ್ಲ.

ಅಜ್ಜ ತಮ್ಮ ಒಳ್ಳೆಯ ಕಣ್ಣನ್ನು ನನ್ನ ಕಡೆಗೆ ತಿರುಗಿಸಿ, "ಹಂಗಾರ ನಾವು ಎರಡನೇ ನಂಬರ ಕೊಟ್ಟಿದ್ದ ತಪ್ಪಾತೇನ್ರಿ?" ಎಂದು ಕೇಳಿದರು.

"ಅಲ್ರಿ. ನಿಮ್ಮದೂ ಅಲ್ಲ, ಈ ತಂಗಿದೂ ಅಲ್ಲ. ತಪ್ಪು ನಂದು."

ಸೊಸೆ ಬಾಗಿಲ ಮರೆಯಿಂದ ಹೊರಗೆ ಬಂದಳು. ನನ್ನ ಮುಖ ನೋಡಲಿಲ್ಲ. ಗೋಡೆಯ ಮಾಡಿನಲ್ಲಿದ್ದ ಅಜ್ಜನ ಫೋನನ್ನು ತೆಗೆದು, ಗುಂಡಿ ಕಿತ್ತ ಜಾಗದಲ್ಲಿ ಉಗುರಿನಿಂದ ಒತ್ತಿ ಒತ್ತಿ ಒಂದು ನಂಬರು ಹಚ್ಚಿದಳು. ಆ ಕಡೆಯಿಂದ ಟ್ರ್ಯಾಕ್ಟರಿನ ಸದ್ದು, ಅದರ ನಡುವೆ ಒಬ್ಬ ಗಂಡಸಿನ ದನಿ ಕೇಳಿತು.

"ಇಂಡಿಯಿಂದ ಒಬ್ರು ಬಂದಾರ. ಅವರು ಹೇಳೂದು ಕೇಳ್ರಿ" ಎಂದು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

ನಾನು ಮೊದಲಿನಿಂದ ಹೇಳಿದೆ. ಯಾವ ಸಂದೇಶವೂ ಬಂದಿರಲಿಲ್ಲ, ನಿಮ್ಮ ಹೆಂಡತಿಯದು ಏನೂ ತಪ್ಪಿಲ್ಲ ಎಂದೆ. ಆ ಕಡೆ ಬರೀ ಟ್ರ್ಯಾಕ್ಟರಿನ ಸದ್ದಿತ್ತು. ಮುಗಿಯಿತೆಂದು ನಾನು ಹಿಂದೆ ಸರಿದೆ. ಆಕೆ ಕೈ ಇಳಿಸಲಿಲ್ಲ.

"ಇನ್ನೊಮ್ಮಿ ಹೇಳ್ರಿ" ಎಂದಳು. "ಗಾಡಿ ಬಂದ್ ಮಾಡಿ ಕೇಳ್ಲಿ."